ತಲಪಾಡಿಯ ಆಚೆಯೋ ಈಚೆಯೋ: ಗರ್ಭಪಾತಕ್ಕೆ ಎಲ್ಲಿಗೆ ಹೋಗುವುದು?

ಒಂದು ಮಳೆಗಾಲದಲ್ಲಿ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕ, ಮಂಗಳೂರಿಗೆ ಹೋದರೆ ಕಾನೂನು ಬೇರೆ ಇರ್ತದಾ?"

ಅವಳಿಗೆ ಇಬ್ಬರು ಮಕ್ಕಳು. ಸಣ್ಣದಕ್ಕೆ ಆಗ ಒಂದು ವರ್ಷವೂ ಆಗಿರಲಿಲ್ಲ. ಗಂಡ ಶಾರ್ಜಾದಲ್ಲಿ. ರಜೆಗೆ ಬಂದು ಹೋದಮೇಲೆ ಇವಳಿಗೆ ಮುಟ್ಟು ನಿಂತಿತು. ಇಬ್ಬರೂ ಫೋನಿನಲ್ಲೇ ಮಾತಾಡಿ, ಈಗ ಇನ್ನೊಂದು ಬೇಡ ಎಂದುಕೊಂಡರು. ಹತ್ತಿರದ ಒಂದು ಆಸ್ಪತ್ರೆಗೆ ಹೋದರೆ "ಗಂಡನ ಸಹಿ ಬೇಕು, ಅವರು ಬರಲಿ" ಎಂದು ವಾಪಸ್ ಕಳಿಸಿದರು. ಆಗ ಅವಳಿಗೆ 8 ವಾರ. ಗಂಡನಿಗೆ ಮತ್ತೆ ರಜೆ ಸಿಗಲಿಲ್ಲ. ಅಷ್ಟರಲ್ಲಿ ಅತ್ತೆಗೆ ಗೊತ್ತಾಯಿತು, ಮನೆಯಲ್ಲಿ ಗಲಾಟೆ ಆಯಿತು. ನನಗೆ ಫೋನ್ ಬರುವಾಗ 10 ವಾರ ದಾಟಿತ್ತು. ಮಾತ್ರೆಯಲ್ಲಿ ಮುಗಿಯಬೇಕಾಗಿದ್ದದ್ದು ಆಪರೇಷನ್ ಥಿಯೇಟರ್‌ವರೆಗೆ ಹೋಯಿತು.

ಆ ಸಹಿ ಕಾನೂನಿನಲ್ಲಿ ಎಲ್ಲೂ ಇಲ್ಲ. ಕೇರಳದಲ್ಲೂ ಇಲ್ಲ, ಕರ್ನಾಟಕದಲ್ಲೂ ಇಲ್ಲ. ಇದನ್ನು ಅವಳಿಗೆ ಎರಡು ವಾರ ಮೊದಲೇ ಹೇಳುವವರು ಯಾರೂ ಇರಲಿಲ್ಲವಲ್ಲ ಎಂಬ ನೋವು ನನಗೆ ಈಗಲೂ ಇದೆ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ನಮ್ಮಂಥ ಕನ್ನಡದವರಿಗೆ ಇರುವ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ ಎಂದು ಬರೆಯುತ್ತಿದ್ದೇನೆ.

ಗಡಿ ದಾಟಿದರೂ ಬದಲಾಗದ್ದು

ಮೊದಲು ಅವಳ ಪ್ರಶ್ನೆಗೆ ಉತ್ತರ. ಕೇರಳ-ಕರ್ನಾಟಕ ಗಡಿಯ ತಲಪಾಡಿ ಚೆಕ್‌ಪೋಸ್ಟ್ ದಾಟಿದ ಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ. ಅಮೆರಿಕದಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ 2022ರ ಜೂನ್ ತೀರ್ಪಿನ ನಂತರ ಒಂದು ರಾಜ್ಯದಲ್ಲಿ ಗರ್ಭಪಾತ ಹಕ್ಕು, ಪಕ್ಕದ ರಾಜ್ಯದಲ್ಲಿ ಅಪರಾಧ. ನಮ್ಮಲ್ಲಿ ಹಾಗಿಲ್ಲ. ಇಡೀ ದೇಶಕ್ಕೆ ಒಂದೇ ಕಾನೂನು: 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ. ಜನ ಎಂಟಿಪಿ ಕಾಯ್ದೆ ಎನ್ನುತ್ತಾರೆ. 2021ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಬಂತು.

20 ವಾರದವರೆಗೆ ಒಬ್ಬ ಅರ್ಹ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರದ ನಡುವೆ ಇಬ್ಬರು ಡಾಕ್ಟರು ಒಪ್ಪಬೇಕು. ಈ ಅವಧಿ ಎಲ್ಲರಿಗೂ ಅಲ್ಲ. ಅತ್ಯಾಚಾರಕ್ಕೆ ಒಳಗಾದವರು, 18 ತುಂಬದವರು, ಗರ್ಭಿಣಿಯಾಗಿರುವಾಗಲೇ ಗಂಡ ತೀರಿಕೊಂಡವರು ಅಥವಾ ವಿಚ್ಛೇದನ ಆದವರು, ಅಂಗವಿಕಲರು, ಮಾನಸಿಕ ಕಾಯಿಲೆ ಇರುವವರು, ಮಗುವಿಗೆ ತೊಂದರೆ ಇದೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾದವರು, ನೆರೆ ಅಥವಾ ಭೂಕುಸಿತದಂಥ ವಿಪತ್ತಿನಲ್ಲಿ ಸಿಕ್ಕಿಬಿದ್ದವರು ಈ ಪಟ್ಟಿಯಲ್ಲಿದ್ದಾರೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಮದುವೆಯಾಗದ ಹೆಣ್ಣುಮಕ್ಕಳನ್ನು ಇದರಿಂದ ಹೊರಗಿಡುವಂತಿಲ್ಲ ಎಂದು ಹೇಳಿತು. 24 ವಾರ ದಾಟಿದರೆ ಮೆಡಿಕಲ್ ಬೋರ್ಡು, ಅದೂ ಮಗುವಿನಲ್ಲಿ ಗಂಭೀರ ನ್ಯೂನತೆ ಇದ್ದಾಗ. ತಾಯಿಯ ಜೀವ ಉಳಿಸಲು ತಕ್ಷಣ ಮಾಡಲೇಬೇಕಾದರೆ ಈ ಮಿತಿಗಳು ಅಡ್ಡ ಬರುವುದಿಲ್ಲ.

18 ತುಂಬಿದವಳಿಗೆ ಅವಳದ್ದೊಂದೇ ಸಹಿ. ಗಂಡ, ಅಪ್ಪ, ಅತ್ತೆ ಯಾರ ಒಪ್ಪಿಗೆಯೂ ಬೇಡ. ಕೇರಳ ಹೈಕೋರ್ಟು 2022ರ ಸೆಪ್ಟೆಂಬರಿನಲ್ಲಿ, ಗಂಡನಿಂದ ದೂರವಾಗಿದ್ದ ಯುವತಿಯೊಬ್ಬಳ ಪ್ರಕರಣದಲ್ಲಿ ಇದನ್ನೇ ಬಿಡಿಸಿ ಹೇಳಿದೆ. ಹಾಗಾದರೆ ಆಸ್ಪತ್ರೆಯಲ್ಲಿ ಯಾಕೆ ಕೇಳುತ್ತಾರೆ? ಒಪ್ಪಿಗೆ ಪತ್ರಕ್ಕೆ ಫಾರಂ ಸಿ ಎನ್ನುತ್ತಾರೆ. ಅದರಲ್ಲಿ "ಇಂಥವರ ಮಗಳು ಅಥವಾ ಹೆಂಡತಿ" ಎಂದು ಬರೆಯುವ ಜಾಗ ಇದೆ. ಅದು ಹೆಸರಿನ ಜಾಗ, ಸಹಿಯ ಜಾಗ ಅಲ್ಲ. ಮುಂದೆ ಏನಾದರೂ ತಕರಾರು ಬಂದೀತು ಎಂಬ ಹೆದರಿಕೆಯಿಂದಲೂ ಕೆಲವರು ಕೇಳುತ್ತಾರೆ. ಅವರ ಹೆದರಿಕೆಗೆ ನಮ್ಮ ವಾರಗಳು ಖರ್ಚಾಗುತ್ತವೆ.

ಇನ್ನೊಂದು ಮಾತನ್ನೂ ತಿಳಿದಿರಬೇಕು. ನಮ್ಮ ಕಾನೂನಿನಲ್ಲಿ "ನನಗೆ ಬೇಡ" ಎಂದರೆ ಅಷ್ಟೇ ಸಾಲದು. ಗರ್ಭ ಮುಂದುವರಿದರೆ ಹೆಣ್ಣಿನ ದೇಹಕ್ಕೋ ಮನಸ್ಸಿಗೋ ಗಂಭೀರ ತೊಂದರೆ ಆಗುತ್ತದೆ ಎಂದು ಡಾಕ್ಟರಿಗೆ ಅನ್ನಿಸಬೇಕು. ಗರ್ಭನಿರೋಧಕ ಬಳಸಿಯೂ ಗರ್ಭ ನಿಂತರೆ ಆ ದುಃಖವನ್ನೇ ಮನಸ್ಸಿನ ತೊಂದರೆ ಎಂದು ಎಣಿಸಬಹುದು. ಇದು 20 ವಾರದವರೆಗೆ, ಮದುವೆಯಾದವಳು ಆಗದವಳು ಎಂಬ ಭೇದ ಇಲ್ಲದೆ ಅನ್ವಯಿಸುತ್ತದೆ. ಅಂದರೆ ಕಾನೂನು ಒಂದೇ ಆದರೂ ಎದುರಿಗೆ ಕುಳಿತ ಡಾಕ್ಟರ ಮೇಲೆ ಬಹಳಷ್ಟು ನಿಂತಿದೆ. ಊರಿಂದ ಊರಿಗೆ ವ್ಯತ್ಯಾಸ ಶುರುವಾಗುವುದು ಇಲ್ಲಿಂದ.

ಹತ್ತಿರದ ಸರ್ಕಾರಿ ಆಸ್ಪತ್ರೆ

9 ವಾರದ ಒಳಗೆ ಇದ್ದೀರಿ, ಬೇರೆ ಕಾಯಿಲೆ ಇಲ್ಲ ಎಂದಾದರೆ ನಾನು ಮೊದಲು ಹೇಳುವುದು ಇದನ್ನೇ. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ಎರಡು ವಾರ ತಡವಾಯಿತು ಎಂದರೆ ಆಗಲೇ 6 ವಾರ. ಈ ಲೆಕ್ಕ ತಪ್ಪಿ ಎಷ್ಟೋ ಮಂದಿ "ನನಗಿನ್ನೂ 15 ದಿನ" ಎಂದುಕೊಂಡು ಕೂತಿರುತ್ತಾರೆ.

ಸರ್ಕಾರಿ ಆಸ್ಪತ್ರೆಗೆ ಬೇರೆ ಲೈಸೆನ್ಸ್ ಬೇಡ. ಖಾಸಗಿಯವರಿಗೆ ಜಿಲ್ಲಾ ಸಮಿತಿಯ ಒಪ್ಪಿಗೆ ಬೇಕು. ಆ ಪ್ರಮಾಣಪತ್ರವನ್ನು ಬಂದವರಿಗೆ ಕಾಣುವ ಹಾಗೆ ಗೋಡೆಗೆ ಹಾಕಿರಬೇಕು. ಕಾಣಿಸದಿದ್ದರೆ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ಜಾಗದಲ್ಲಿ ಕೂರಬೇಡಿ.

ಕಾಸರಗೋಡು ಜನರಲ್ ಆಸ್ಪತ್ರೆಯಾಗಲಿ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಾಗಲಿ, ದೊಡ್ಡ ಅನುಕೂಲ ಎಂದರೆ ದುಡ್ಡು ಮತ್ತು ದೂರ. ಮಾತ್ರೆಯ ದಾರಿಯಲ್ಲಿ ಎರಡು ಮೂರು ಸಲ ಹೋಗಿ ಬರಬೇಕಾಗುತ್ತದೆ. ಮನೆಯಲ್ಲಿ ಸಣ್ಣ ಮಗು ಇರುವವಳಿಗೆ ಅರ್ಧ ಗಂಟೆಯ ದಾರಿಗೂ ಎರಡು ಗಂಟೆಯ ದಾರಿಗೂ ಬಹಳ ವ್ಯತ್ಯಾಸ. ರಾತ್ರಿ ರಕ್ತ ಜಾಸ್ತಿ ಹೋದರೆ ಓಡಬೇಕಾದದ್ದೂ ಹತ್ತಿರದಲ್ಲೇ ಇರಬೇಕು, ಅಲ್ವಾ?

ತೊಂದರೆ ಎರಡು. ಒಂದು, ಗುಟ್ಟು. ಕಾಯ್ದೆ ಪ್ರಕಾರ ನಿಮ್ಮ ಹೆಸರು ಹೊರಗೆ ಹೇಳಿದವರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಆದರೆ ಕ್ಯೂನಲ್ಲಿ ಪಕ್ಕದ ಮನೆಯ ಅಕ್ಕ ಸಿಕ್ಕರೆ ಅದಕ್ಕೆ ಯಾವ ಕಾಯ್ದೆಯೂ ಇಲ್ಲ. ಇನ್ನೊಂದು ಭಾಷೆ. ಇದನ್ನು ಹೊರಗಿನವರು ಸಣ್ಣದೆಂದು ತಿಳಿಯುತ್ತಾರೆ. ಕನ್ನಡದಲ್ಲಿ ಓದಿದ, ತುಳುವಿನಲ್ಲೋ ಹವ್ಯಕದಲ್ಲೋ ಮಾತಾಡುವ ಹೆಣ್ಣಿನ ಕೈಗೆ ಮಲಯಾಳದ ಕಾಗದ ಕೊಟ್ಟು "ಒಪ್ಪಿಡಿ" ಎಂದರೆ ಅವಳು ಏನು ಒಪ್ಪಿದಳು ಎಂದು ಅವಳಿಗೇ ಗೊತ್ತಿರುವುದಿಲ್ಲ. ಗರ್ಭಪಾತದ ಜೊತೆಗೇ ಕಾಪರ್-ಟಿ ಹಾಕುವುದಕ್ಕೂ ಮಕ್ಕಳಾಗದ ಹಾಗೆ ಆಪರೇಷನ್ ಮಾಡುವುದಕ್ಕೂ ಬೇರೆಬೇರೆ ಒಪ್ಪಿಗೆ ಬೇಕು. ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ. ಸ್ಟಾಫ್ ನರ್ಸ್‌ಗಳಲ್ಲಿ ಕನ್ನಡ ಬಲ್ಲವರು ಒಬ್ಬರಾದರೂ ಸಿಗುತ್ತಾರೆ, ಹುಡುಕಿ ಕೇಳಿ. ಕಾಸರಗೋಡಿನಲ್ಲಿ ಕನ್ನಡ ಕೇಳುವುದು ಭಾಷಾ ಅಲ್ಪಸಂಖ್ಯಾತರ ಹಕ್ಕು, ನಾಚಿಕೆ ಬೇಡ.

ಮಂಗಳೂರು

12 ವಾರ ದಾಟಿದ್ದರೆ, ಹಿಂದೆ ಸಿಸೇರಿಯನ್ ಆಗಿದ್ದರೆ, ರಕ್ತ ಕಡಿಮೆ ಇದ್ದರೆ, ಹೃದಯದ ತೊಂದರೆ ಇದ್ದರೆ ಮಂಗಳೂರೇ ಒಳ್ಳೆಯದು. ಕಾಸರಗೋಡಿನಿಂದ 50 ಕಿಲೋಮೀಟರ್, ಮಂಜೇಶ್ವರದವರಿಗೆ ಅದರ ಅರ್ಧವೂ ಇಲ್ಲ. ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳಂತೂ ಗಡಿಯ ಹತ್ತಿರವೇ ಇವೆ. ಸರ್ಕಾರಿಯೇ ಬೇಕೆಂದರೆ ಲೇಡಿಗೋಷನ್ ಇದೆ. ಇಲ್ಲಿ ಕನ್ನಡ, ತುಳು, ಮಲಯಾಳ ಎಲ್ಲ ನಡೆಯುತ್ತದೆ. ಅರಿವಳಿಕೆ ಡಾಕ್ಟರು, ಬ್ಲಡ್ ಬ್ಯಾಂಕು, ಐಸಿಯು ಒಂದೇ ಕಡೆ ಸಿಗುತ್ತವೆ. ನಮ್ಮ ಜಿಲ್ಲೆಯಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸ ಆದದ್ದು 2013ರಲ್ಲಿ, ಹೊರರೋಗಿ ವಿಭಾಗ ತೆರೆದದ್ದು 2022ರಲ್ಲಿ. ಆ ನಡುವಿನ ವರ್ಷಗಳಲ್ಲೆಲ್ಲ ನಾವು ಮಂಗಳೂರನ್ನೇ ನಂಬಿದ್ದೆವು.

ಮಗುವಿನಲ್ಲಿ ನ್ಯೂನತೆ ಇದೆಯೋ ಎಂದು ನೋಡುವ 5ನೇ ತಿಂಗಳ ಸ್ಕ್ಯಾನಿಂಗ್‌ಗೂ ನಮ್ಮವರು ಹೋಗುವುದು ಅಲ್ಲಿಗೇ. ಇದನ್ನು ಸಾಮಾನ್ಯವಾಗಿ 18ರಿಂದ 20 ವಾರದ ಒಳಗೆ ಮಾಡುತ್ತಾರೆ. ಏನೋ ಸಂಶಯ ಬಂದು ಗರ್ಭದ ನೀರು ತೆಗೆದು ಪರೀಕ್ಷೆಗೆ ಕಳಿಸಿದರೆ ವರದಿಗೆ ಎರಡು ಮೂರು ವಾರ. ಅಷ್ಟರಲ್ಲಿ 23 ಆಗಿಹೋಗಿರುತ್ತದೆ. ಅದಕ್ಕೇ 18ನೇ ವಾರಕ್ಕೇ ದಿನ ಹಿಡಿಯಿರಿ ಎಂದು ಎಲ್ಲರಿಗೂ ಹೇಳುತ್ತೇನೆ. ಮಗು ಬೇಕು ಎಂದು ಆಸೆಪಟ್ಟವರಿಗೂ ಈ ಮಾತು ಅಷ್ಟೇ ಮುಖ್ಯ.

ಮಂಗಳೂರಿಗೆ ಹೋಗುವವರು ಎರಡು ವಿಷಯ ಗಮನಿಸಬೇಕು. ಕ್ರೈಸ್ತ ಸಂಸ್ಥೆಗಳು ನಡೆಸುವ ಆಸ್ಪತ್ರೆಗಳಲ್ಲಿ ಧರ್ಮದ ಕಾರಣಕ್ಕೆ ಗರ್ಭಪಾತ ಮಾಡದಿರುವುದುಂಟು. ಅದು ಅವರ ನಂಬಿಕೆ, ಗೌರವಿಸೋಣ. ಆದರೆ ಅಲ್ಲಿಗೆ ಹೋಗಿ, ಕ್ಯೂ ನಿಂತು, ಇಲ್ಲ ಎನಿಸಿಕೊಂಡು ಒಂದು ವಾರ ಕಳೆಯಬೇಡಿ. ಮೊದಲೇ ಫೋನಿನಲ್ಲಿ ಕೇಳಿ. ಎರಡನೆಯದು, ನಿಮ್ಮ ಕೇರಳದ ಆರೋಗ್ಯ ವಿಮೆ ಕಾರ್ಡು ಅಲ್ಲಿ ನಡೆಯುತ್ತದೋ ಎಂದು ಅಡ್ಮಿಟ್ ಆಗುವ ಮೊದಲು ತಿಳಿದುಕೊಳ್ಳಿ.

2020ರ ಮಾರ್ಚ್ ತಿಂಗಳನ್ನು ನಮ್ಮವರು ಮರೆತಿಲ್ಲ. ಕೊರೋನಾ ಎಂದು ತಲಪಾಡಿಯಲ್ಲಿ ದಾರಿ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರು ತಲುಪಲಾಗದೆ ರೋಗಿಗಳು ಸತ್ತರು. ಗರ್ಭಪಾತದಲ್ಲಿ ವಾರಗಳ ಲೆಕ್ಕ ಇದೆ. ದಾರಿ ತೆರೆಯುವವರೆಗೆ ವಾರ ನಿಲ್ಲುವುದಿಲ್ಲ. ಆದ್ದರಿಂದ ಮಂಗಳೂರೇ ಎಂದು ತೀರ್ಮಾನಿಸಿದರೂ ಇತ್ತ ಕಡೆಯ ಒಂದು ಆಸ್ಪತ್ರೆಯ ಚೀಟಿ ನಿಮ್ಮ ಕೈಯಲ್ಲಿರಲಿ.

ತೆಂಕಣ ದಾರಿಯೂ ಇದೆ. ಪರಿಯಾರಂನ ಸರ್ಕಾರಿ ಮೆಡಿಕಲ್ ಕಾಲೇಜು ಕಣ್ಣೂರು ಜಿಲ್ಲೆಯಲ್ಲಿದೆ. ಕಾಞಂಗಾಡು, ನೀಲೇಶ್ವರ ಕಡೆಯವರಿಗೆ ಅದು ಸರಿ. ಕುಂಬಳೆಯಿಂದ ಬಡಗಿನವರಿಗೆ ಭಾಷೆ ಬರುವುದಾದರೂ ದೂರ ಜಾಸ್ತಿ.

ಮೆಡಿಕಲ್ ಶಾಪಿನ ಮಾತ್ರೆ

ಜನ ಹೆಚ್ಚು ಹಿಡಿಯುವ ದಾರಿ ಇದೇ. 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾದವು, ಅದರಲ್ಲಿ 73 ಶೇಕಡಾ ಆಸ್ಪತ್ರೆಯ ಹೊರಗೆ ಮಾತ್ರೆಯಿಂದಲೇ ಆದದ್ದು ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತ್ತು. ಹಾಗೆ ತೆಗೆದುಕೊಂಡವರನ್ನು ನಾನು ಬೈಯುವುದಿಲ್ಲ. ಬಾಗಿಲು ಮುಚ್ಚಿದಾಗ ಜನ ಕಿಟಕಿ ಹುಡುಕುತ್ತಾರೆ.

ಗರ್ಭಪಾತಕ್ಕೆ ಕೊಡುವ ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಮಾತ್ರೆಗಳು ಎರಡೂ ಒಳ್ಳೆಯ ಔಷಧಗಳೇ. 9 ವಾರದ ಒಳಗೆ, ಡಾಕ್ಟರ ಚೀಟಿಯ ಮೇಲೆ, ಸ್ಕ್ಯಾನಿಂಗ್ ಮಾಡಿಸಿಕೊಂಡು ತೆಗೆದುಕೊಂಡರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಸ್ಕ್ಯಾನಿಂಗ್ ಯಾಕೆಂದರೆ ಗರ್ಭ ಕೆಲವೊಮ್ಮೆ ಗರ್ಭಕೋಶದಲ್ಲಿ ನಿಲ್ಲದೆ ನಾಳದಲ್ಲಿ ನಿಂತಿರುತ್ತದೆ. ಮಾತ್ರೆ ಅದಕ್ಕೆ ಕೆಲಸ ಮಾಡುವುದಿಲ್ಲ. ನಾಳ ಒಡೆದರೆ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕೋ ಎಂದು ಡಾಕ್ಟರನ್ನು ಕೇಳಬೇಕು. ಕೌಂಟರಿನಲ್ಲಿ ಪೊಟ್ಟಣ ಕಟ್ಟಿ ಕೊಡುವವರು ಇದನ್ನೆಲ್ಲ ಹೇಳುವುದಿಲ್ಲ.

ಜನ ಏನೆನ್ನುತ್ತಾರೆ

ಕಾನೂನಿಗಿಂತ ಊರಿನ ಮಾತಿಗೇ ಹೆದರುವವರು ಜಾಸ್ತಿ. ನಮ್ಮ ಜಿಲ್ಲೆಯಲ್ಲಿ ಅಭಿಪ್ರಾಯ ಒಂದೇ ತೆರನಾಗಿಲ್ಲ. ಕಥೋಲಿಕ ಸಭೆ ಗರ್ಭ ಕಟ್ಟಿದ ಗಳಿಗೆಯಿಂದಲೇ ಜೀವ ಎನ್ನುತ್ತದೆ. ಮುಸ್ಲಿಂ ವಿದ್ವಾಂಸರಲ್ಲಿ 120 ದಿನಕ್ಕೆ ಗರ್ಭಕ್ಕೆ ಜೀವ ಬರುತ್ತದೆ ಎಂಬ ಲೆಕ್ಕ ಹೇಳುವವರಿದ್ದಾರೆ, ಅದಕ್ಕೆ ಮೊದಲೂ ಬಲವಾದ ಕಾರಣ ಇಲ್ಲದೆ ಬೇಡ ಎನ್ನುವವರೂ ಇದ್ದಾರೆ. ಹಿಂದೂ ಮನೆಗಳಲ್ಲಿ ಪಾಪ ಎಂಬ ಮಾತು ಇದೆ. ಆದರೂ ಮದುವೆಯಾದವಳು ಮೂರನೆಯದನ್ನು ತೆಗೆಸಿದರೆ ಸುಮ್ಮನಿರುತ್ತಾರೆ, ಮದುವೆಯಾಗದವಳಾದರೆ ಊರೇ ತಲೆಗೆ ತೆಗೆದುಕೊಳ್ಳುತ್ತದೆ. ಆ ಹುಡುಗಿಗೆ ಕಾನೂನಿನ ಗರ್ಭಪಾತ ಇದೆ ಎಂದೇ ಅನೇಕರಿಗೆ ಗೊತ್ತಿಲ್ಲ.

ಆದರೆ ಎಣ್ಮಕಜೆಗೆ ಹೋಗಿ ಕೇಳಿದರೆ ಮಾತು ಬೇರೆ. ಸ್ವರ್ಗ, ಪಡ್ರೆ, ವಾಣಿನಗರದ ಗುಡ್ಡಗಳಲ್ಲಿ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯುವ ಹೊತ್ತಿಗೆ ಅದರ ನೆರಳಿನಲ್ಲೇ ಒಂದು ತಲೆಮಾರು ಬೆಳೆದಿತ್ತು. ಏಳಲಾಗದ ಮಗುವನ್ನು ಮೂವತ್ತು ವರ್ಷ ಹೊತ್ತು ಸಾಕಿದ ತಾಯಂದಿರು ಅಲ್ಲಿದ್ದಾರೆ. ಅವರ ಮುಂದೆ ನಿಂತು ನಾನು ತಲೆಬಾಗುತ್ತೇನೆ. ಎರಡನೆಯ ಸಲ ಮುಟ್ಟು ನಿಂತಾಗ ಅವರಲ್ಲಿ ಹಲವರು ಹೆದರಿ ತೆಗೆಸಿದರು. ಬೇರೆ ಊರಿನಲ್ಲಿ ಪಾಪ ಎನ್ನುವವರು ಅಲ್ಲಿ ಬಾಯಿ ತೆರೆಯಲಿಲ್ಲ.

1971ರ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಒಂದು ಸಾಲು ಇದೆ. ಹೆಣ್ಣಿನ ಆರೋಗ್ಯಕ್ಕೆ ಆಗುವ ತೊಂದರೆಯನ್ನು ಅಳೆಯುವಾಗ ಅವಳ ಈಗಿನ ಮತ್ತು ಮುಂದೆ ಬರಬಹುದಾದ ಪರಿಸರವನ್ನೂ ಲೆಕ್ಕಕ್ಕೆ ಹಿಡಿಯಬಹುದು ಎನ್ನುತ್ತದೆ ಅದು. ಮನೆ, ಗಂಡ, ಬಡತನ, ಈಗಾಗಲೇ ಇರುವ ಮಕ್ಕಳು ಎಲ್ಲ ಅದರಲ್ಲಿ ಬರುತ್ತವೆ. ಡಾಕ್ಟರು "ಕಾರಣ ಏನು" ಎಂದು ಕೇಳಿದಾಗ ಸಂಕೋಚದಿಂದ "ಸುಮ್ನೆ" ಎನ್ನಬೇಡಿ. ಮನೆಯಲ್ಲಿ ಏನಿದೆಯೋ ಅದನ್ನು ಹೇಳಿ. ಹಾಗೆ ಹೇಳಿದರೆ ಡಾಕ್ಟರ ಕೈಗೂ ಬಲ ಬರುತ್ತದೆ.

ಮಗು ಬೇಕು ಎನ್ನುವವಳನ್ನು ಮನೆಯವರು ಎಳೆದುಕೊಂಡು ಹೋಗುವುದೂ ಇದೆ. ಹೆಣ್ಣಿನ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸಿದರೆ ಹತ್ತು ವರ್ಷ, ಇಲ್ಲವೇ ಜೀವಾವಧಿ ಶಿಕ್ಷೆಯವರೆಗೂ ಆಗಬಹುದು. ಡಾಕ್ಟರ ಜೊತೆ ಒಬ್ಬಳೇ ಮಾತಾಡಬೇಕು ಎಂದು ಕೇಳಿ.

ಬೇರೆ ಗಡಿಗಳಲ್ಲಿರುವವರಿಗೆ

ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ಮಿರಜ್ ಕಡೆಯ ಕನ್ನಡದವರಿಗೆ ಕಾನೂನು ಇದೇ, ಗಾಳಿ ಬೇರೆ. 2011ರ ಜನಗಣತಿಯಲ್ಲಿ 6 ವರ್ಷದೊಳಗಿನ 1000 ಗಂಡುಮಕ್ಕಳಿಗೆ ಕೇರಳದಲ್ಲಿ 964 ಹೆಣ್ಣುಮಕ್ಕಳಿದ್ದರೆ, ಮಹಾರಾಷ್ಟ್ರದಲ್ಲಿ 894 ಮಾತ್ರ. 2017ರ ಮಾರ್ಚಿನಲ್ಲಿ ಮಿರಜ್ ತಾಲ್ಲೂಕಿನ ಮ್ಹೈಸಾಳದಲ್ಲಿ ಗರ್ಭಪಾತದ ವೇಳೆ ಹೆಂಗಸೊಬ್ಬಳು ಸತ್ತ ಮೇಲೆ ಪೊಲೀಸರು 19 ಭ್ರೂಣಗಳನ್ನು ಮಣ್ಣಿನಿಂದ ತೆಗೆದರು. ಕರ್ನಾಟಕದ ಗಡಿ ಅಲ್ಲಿಂದ ಕೂಗಳತೆ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಾಡುತ್ತಿದ್ದ ಜಾಲ ಸಿಕ್ಕಿತು. ಹೆಣ್ಣು ಎಂದು ಪತ್ತೆ ಮಾಡಿ ತೆಗೆಸುವುದು ಬೇರೆಯೇ ಅಪರಾಧ, ಅದಕ್ಕೆ 1994ರ ಲಿಂಗಪತ್ತೆ ತಡೆ ಕಾಯ್ದೆ ಇದೆ. ಆದರೆ ಈ ಪ್ರಕರಣಗಳ ನಂತರ ತನಿಖೆಗೆ ಹೆದರಿದ ಡಾಕ್ಟರು 12 ವಾರ ದಾಟಿದ ಯಾರನ್ನೂ ಒಳಗೆ ಸೇರಿಸದೆ ಕಳಿಸುತ್ತಾರೆ. ಎರಡು ಹೆಣ್ಣುಮಕ್ಕಳಿರುವವಳು ಬೇರೆ ಕಾರಣಕ್ಕೆ ಹೋದರೂ ಅನುಮಾನ. ಅಂಥವರು 12 ವಾರದ ಒಳಗೇ ಹೋಗುವುದು ಒಳ್ಳೆಯದು. ಆ ಹೊತ್ತಿಗೆ ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಗಂಡೋ ಹೆಣ್ಣೋ ಎಂದು ಖಚಿತವಾಗಿ ತಿಳಿಯುವುದಿಲ್ಲ, ಅನುಮಾನಕ್ಕೂ ಜಾಗ ಇರುವುದಿಲ್ಲ.

ಗಲ್ಫ್ ಮತ್ತು ಐರ್ಲೆಂಡ್

ನಮ್ಮ ಕಡೆ ಪ್ರತಿ ಎರಡನೇ ಮನೆಯಲ್ಲೂ ಗಲ್ಫಿನ ಸಂಬಂಧ ಇದೆ. ಅಲ್ಲಿರುವಾಗ ಗರ್ಭ ನಿಂತರೆ ಇಲ್ಲಿನ ಲೆಕ್ಕ ನಡೆಯುವುದಿಲ್ಲ. ಯುಎಇಯಲ್ಲಿ 120 ದಿನದ ಮಿತಿ ಇದೆ, ಸಮಿತಿ ಒಪ್ಪಬೇಕು. ಇಲ್ಲಿಂದ ಬ್ಯಾಗಿನಲ್ಲಿ ಮಾತ್ರೆ ಒಯ್ಯಬೇಡಿ. ಆದಷ್ಟು ಬೇಗ ಊರಿಗೆ ಬನ್ನಿ.

ನರ್ಸ್ ಆಗಿ ಐರ್ಲೆಂಡಿಗೆ ಹೋಗುವ ನಮ್ಮ ಹುಡುಗಿಯರು ಬೆಳಗಾವಿಯ ಸವಿತಾ ಹಾಲಪ್ಪನವರ ಹೆಸರು ಕೇಳಿರಬೇಕು. ದಂತವೈದ್ಯೆ. 17 ವಾರದಲ್ಲಿ ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ ಗಾಲ್ವೇಯಲ್ಲಿ ಅವಳಿಗೆ ಗರ್ಭಪಾತ ಮಾಡಲಿಲ್ಲ. ಮೈಗೆ ನಂಜು ಏರಿ 2012ರ ಅಕ್ಟೋಬರ್ 28ರಂದು ತೀರಿಕೊಂಡಳು. 31 ವರ್ಷ. 2018ರ ಮೇ ತಿಂಗಳಲ್ಲಿ ಆ ದೇಶದ ಜನ 66 ಶೇಕಡಾ ಮತದಿಂದ ನಿಷೇಧ ತೆಗೆದುಹಾಕಿದರು. ಈಗ ಅಲ್ಲಿ 12 ವಾರದವರೆಗೆ ಕಾರಣ ಕೇಳುವುದಿಲ್ಲ. ಅದರ ನಂತರ ನಮ್ಮದಕ್ಕಿಂತ ಬಿಗಿ.

24 ವಾರ ದಾಟಿದವರಿಗೆ

ಮೆಡಿಕಲ್ ಬೋರ್ಡು ಅರ್ಜಿ ಬಂದ 3 ದಿನದಲ್ಲಿ ಅಭಿಪ್ರಾಯ ಕೊಡಬೇಕು, ಒಪ್ಪಿದರೆ 5 ದಿನದೊಳಗೆ ಮುಗಿಸಬೇಕು ಎಂದು ನಿಯಮ ಇದೆ. ಮಗುವಿಗೆ ತೊಂದರೆ ಇಲ್ಲದ ಪ್ರಕರಣಗಳಲ್ಲಿ ಹೈಕೋರ್ಟೇ ದಾರಿ. ಕಾಸರಗೋಡಿನವರಿಗೆ ಎರ್ನಾಕುಳಂ. ಸಿಕ್ಕೇ ಸಿಗುತ್ತದೆ ಎಂದು ಹೇಳಲಾರೆ. 2023ರ ಅಕ್ಟೋಬರಿನಲ್ಲಿ 26 ವಾರ ದಾಟಿದ, ಇಬ್ಬರು ಮಕ್ಕಳ ತಾಯಿಗೆ ಸುಪ್ರೀಂ ಕೋರ್ಟು ಕೊನೆಗೆ ಇಲ್ಲ ಎಂದಿತು. ವಕೀಲರಿಗೆ ದುಡ್ಡಿಲ್ಲ ಎಂದು ಕೂರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿ.

18 ತುಂಬದ ಹುಡುಗಿಯಾದರೆ ಅಪ್ಪ ಅಮ್ಮ ಅಥವಾ ಪೋಷಕರ ಸಹಿ ಬೇಕು, ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ಆದರೆ ಅವಳೂ ಅವಳ ಪೋಷಕರೂ ಕೇಳಿಕೊಂಡರೆ ಹೆಸರು ಬಿಟ್ಟು ತಿಳಿಸಬಹುದು ಎಂದು ಮೊದಲು ಹೇಳಿದ ಸುಪ್ರೀಂ ಕೋರ್ಟಿನ 2022ರ ತೀರ್ಪಿನಲ್ಲೇ ಇದೆ. ಪೊಲೀಸಿಗೆ ಹೆದರಿ ನಾಟಿ ಮದ್ದಿನವರ ಹತ್ತಿರ ಕರೆದುಕೊಂಡು ಹೋಗಬೇಡಿ.

ಹೊರಡುವ ಮೊದಲು

ಆಧಾರ್, ಕೊನೆಯ ಮುಟ್ಟಿನ ತಾರೀಕು ಬರೆದ ಚೀಟಿ, ಹಳೆಯ ಹೆರಿಗೆಯ ಡಿಸ್ಚಾರ್ಜ್ ಕಾಗದ, ರಕ್ತದ ಗುಂಪು, ಇಷ್ಟು ಬ್ಯಾಗಿನಲ್ಲಿರಲಿ. ಕೇರಳದಲ್ಲಿ 1056, ಕರ್ನಾಟಕದಲ್ಲಿ 104ಕ್ಕೆ ಕರೆ ಮಾಡಿದರೆ ಆರೋಗ್ಯದ ಮಾಹಿತಿ ಕೇಳಬಹುದು. ಜೊತೆಗೆ ಒಬ್ಬರು ಬರಲಿ. ಗಂಡನೇ ಆಗಬೇಕೆಂದಿಲ್ಲ. ಚಿಕ್ಕಮ್ಮನ ಮಗಳ ಜೊತೆ ನಾನು ಹೋಗಿದ್ದೆ. ಅವಳ ಸಣ್ಣ ಮಗು ನನ್ನ ಸೊಂಟದ ಮೇಲಿತ್ತು. ಮಂಗಳೂರಿನಲ್ಲಿ ಡಾಕ್ಟರು ಫಾರಂ ಮುಂದಿಟ್ಟು ಸಾಲುಸಾಲಾಗಿ ತುಳುವಿನಲ್ಲಿ ವಿವರಿಸಿದರು. ಸಹಿಯ ಜಾಗಕ್ಕೆ ಬಂದಾಗ ಇವಳು ಅಭ್ಯಾಸದಿಂದ ತಲೆ ಎತ್ತಿ ನನ್ನನ್ನು ನೋಡಿದಳು. "ಅಕ್ಕನದ್ದು ಬೇಡ, ನಿಮ್ಮದು ಸಾಕು" ಎಂದರು ಡಾಕ್ಟರು.

ಮನೆಗೆ ಬಂದಮೇಲೆ ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆದು ಎರಡು ಗಂಟೆ ಹಾಗೇ ಮುಂದುವರಿದರೆ, ಜ್ವರ ಬಂದರೆ, ಕೆಟ್ಟ ವಾಸನೆ ಇದ್ದರೆ, ತಲೆ ಸುತ್ತಿ ಬಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಗ ಗಡಿಯ ಆಚೆಯೋ ಈಚೆಯೋ ಎಂದು ನೋಡಬೇಡಿ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಏನು ತೆಗೆದುಕೊಂಡಿರಿ, ಯಾವಾಗ ತೆಗೆದುಕೊಂಡಿರಿ ಎಂದು ಮುಚ್ಚಿಡದೆ ಹೇಳಿ.